ಹೆಸರಿಲ್ಲದ ಕಾಯಿಲೆಗೆ ಅಂಗವೈಕಲ್ಯ ಪಿಂಚಣಿ ಕೇಳುವುದು ಹೇಗೆ

ಗುಂಡೇಟು ಬಿದ್ದಿಲ್ಲ, ಕೈಕಾಲು ಮುರಿದಿಲ್ಲ. ಆದರೂ ಸೈನ್ಯದಿಂದ ಊರಿಗೆ ಮರಳಿದ ಮೇಲೆ ಬೆಳಿಗ್ಗೆ ಹಾಸಿಗೆಯಿಂದ ಏಳಲು ಆಗುವುದಿಲ್ಲ. ಕೀಲುಗಳೆಲ್ಲ ನೋಯುತ್ತವೆ, ನಿದ್ದೆ ಹತ್ತುವುದಿಲ್ಲ, ಹೊಟ್ಟೆ ಕೆಡುತ್ತದೆ, ಹೇಳಬೇಕೆಂದ ಮಾತು ಬಾಯಿಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆ. ರಕ್ತ ಪರೀಕ್ಷೆ ಸರಿಯಿದೆ, ಎಕ್ಸ್‌ರೇ ಸರಿಯಿದೆ, ಸ್ಕ್ಯಾನ್ ಸರಿಯಿದೆ. ವೈದ್ಯರು ವರದಿಗಳನ್ನು ತಿರುವಿ ಹಾಕಿ ‘ನಿಮಗೆ ಏನೂ ಆಗಿಲ್ಲ’ ಎನ್ನುತ್ತಾರೆ. ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಈ ಮಾತು ಕೇಳಿಸಿಕೊಂಡು ಸುಮ್ಮನೆ ಮನೆ ಸೇರಿದ ಮಾಜಿ ಸೈನಿಕರು ಎಷ್ಟೋ ಮಂದಿ ಇದ್ದಾರೆ. ಇದನ್ನು ಅವರಿಗಾಗಿ, ಅವರಿಗಿಂತ ಹೆಚ್ಚಾಗಿ ಅವರ ಹೆಂಡತಿ ಮಕ್ಕಳಿಗಾಗಿ ಬರೆಯುತ್ತಿದ್ದೇನೆ.

ನಾನು ಭಾಲ್ಕಿ ತಾಲ್ಲೂಕಿನಲ್ಲಿ ಗಣಿತ ಶಿಕ್ಷಕಿ. ನಮ್ಮ ಮನೆಯವರು ತೋಪಖಾನೆಯಲ್ಲಿ ಹವಾಲ್ದಾರರಾಗಿದ್ದು 2007ರಲ್ಲಿ ನಿವೃತ್ತರಾದರು. ಲೇಹ್ ಕಡೆಯ ಪೋಸ್ಟಿಂಗ್‌ನಲ್ಲಿ ಶುರುವಾದ ಕೀಲುನೋವು ಮತ್ತು ಸುಸ್ತು ಅವರನ್ನು ಇಂದಿಗೂ ಬಿಟ್ಟಿಲ್ಲ. ಅದಕ್ಕೆ ಸೈನ್ಯದ ವೈದ್ಯರು ಬರೆದ ಹೆಸರು ‘ಪಾಲಿಆರ್ಥ್ರಾಲ್ಜಿಯಾ’. ಅಂದರೆ ಹಲವು ಕೀಲುಗಳಲ್ಲಿ ನೋವು, ಅಷ್ಟೇ. ಕಾರಣ ಏನು ಎಂಬುದನ್ನು ಅದು ಹೇಳುವುದಿಲ್ಲ. ಮೊದಲು ತಿರಸ್ಕೃತವಾದ ಅವರ ಅಂಗವೈಕಲ್ಯ ಪಿಂಚಣಿ ಕೊನೆಗೆ ನ್ಯಾಯಮಂಡಳಿಯಿಂದ ಬಂತು. ಆ ಕಡತ ಹಿಡಿದು ಓಡಾಡಿದ್ದು ನಾನು. ಆಮೇಲೆ ಸುತ್ತಲಿನ ಊರುಗಳವರು ತಮ್ಮ ಕಾಗದಪತ್ರ ಹಿಡಿದು ಬರತೊಡಗಿದರು.

ಬಂದವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಅಕ್ಕಾ, ಡಾಕ್ಟರು ಕಾಯಿಲೆಯ ಹೆಸರೇ ಹೇಳಲಿಲ್ಲ. ಅರ್ಜಿಯಲ್ಲಿ ಏನೆಂದು ಬರೆಯಲಿ?’ ನನ್ನ ಉತ್ತರವೂ ಒಂದೇ. ಕಾಯಿಲೆಗೆ ಹೆಸರಿಡುವುದು ನಿಮ್ಮ ಕೆಲಸ ಅಲ್ಲ. ಸೇರುವಾಗ ಅದು ಇರಲಿಲ್ಲ, ಸೇವೆಯಲ್ಲಿ ಇಂಥ ವರ್ಷ ಇಂಥ ಜಾಗದಲ್ಲಿ ಕಾಣಿಸಿಕೊಂಡಿತು, ಅಂದಿನಿಂದ ಬಿಟ್ಟಿಲ್ಲ, ಅದರಿಂದ ಇಂಥಿಂಥ ಕೆಲಸ ಮಾಡಲು ಆಗುವುದಿಲ್ಲ. ಈ ನಾಲ್ಕು ಮಾತನ್ನು ಕಾಗದದ ಮೇಲೆ ತರುವುದು ನಿಮ್ಮ ಕೆಲಸ. ಉಳಿದದ್ದನ್ನು ಸರ್ಕಾರ ಹೇಳಬೇಕು.

ಬೇರೆ ದೇಶಗಳಲ್ಲಿ ಏನಾಯಿತು

ಇದನ್ನು ತಿಳಿದುಕೊಂಡರೆ ಧೈರ್ಯ ಬರುತ್ತದೆ, ಆದ್ದರಿಂದ ಮೊದಲೇ ಹೇಳುತ್ತೇನೆ. 1990–91ರ ಕೊಲ್ಲಿ ಯುದ್ಧಕ್ಕೆ ಅಮೆರಿಕ ಸುಮಾರು ಏಳು ಲಕ್ಷ ಸೈನಿಕರನ್ನು ಕಳುಹಿಸಿತ್ತು. ಯುದ್ಧ ಬೇಗ ಮುಗಿಯಿತು, ಸತ್ತವರು ಕಡಿಮೆ. ಆದರೆ ಮನೆಗೆ ಮರಳಿದವರಲ್ಲಿ ಸಾವಿರಾರು ಮಂದಿ ಸುಸ್ತು, ಮೈಕೈ ನೋವು, ಮರೆವು, ಚರ್ಮದ ಗಂದೆ, ಹೊಟ್ಟೆಯ ತೊಂದರೆ ಎಂದು ಆಸ್ಪತ್ರೆಗೆ ಬರತೊಡಗಿದರು. ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಬಹಳ ಕಾಲ ಅವರಿಗೆ ಸಿಕ್ಕ ಉತ್ತರ ‘ಇದು ಮನಸ್ಸಿನ ಒತ್ತಡ’ ಎಂಬುದೇ. ಕೊನೆಗೆ 1994ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು: ಆ ಯುದ್ಧಕ್ಕೆ ಹೋಗಿಬಂದವರಲ್ಲಿ ಯಾವ ರೋಗವೆಂದು ಪತ್ತೆಯಾಗದ ದೀರ್ಘ ಕಾಯಿಲೆ ಇದ್ದರೂ ಪರಿಹಾರ ಕೊಡಬಹುದು. ಆರು ತಿಂಗಳಾದರೂ ಕಾಡಿರಬೇಕು, ಕನಿಷ್ಠ 10% ಅಸಾಮರ್ಥ್ಯ ಉಂಟುಮಾಡಿರಬೇಕು. ಕಾರಣ ಏನೆಂದು ಸೈನಿಕ ತೋರಿಸಬೇಕಿಲ್ಲ.

1996ರ ಜೂನ್‌ನಲ್ಲಿ ಅವರ ರಕ್ಷಣಾ ಇಲಾಖೆ ಇನ್ನೊಂದು ಸಂಗತಿಯನ್ನು ಒಪ್ಪಿಕೊಂಡಿತು. ಯುದ್ಧ ಮುಗಿದ ಕೂಡಲೇ, 1991ರ ಮಾರ್ಚ್‌ನಲ್ಲಿ, ಇರಾಕಿನ ಖಮಿಸಿಯಾ ಎಂಬಲ್ಲಿ ಅಮೆರಿಕನ್ ಸೈನಿಕರು ಸ್ಫೋಟಿಸಿದ್ದ ಮದ್ದುಗುಂಡುಗಳಲ್ಲಿ ನರಗಳಿಗೆ ವಿಷವಾದ ಸಾರಿನ್ ಇತ್ತು. ಆ ಗಾಳಿಗೆ ಒಡ್ಡಿಕೊಂಡಿರಬಹುದು ಎಂದು ಮುಂದೆ ಸುಮಾರು ಒಂದು ಲಕ್ಷ ಸೈನಿಕರಿಗೆ ಪತ್ರ ಹೋಯಿತು. ಐದು ವರ್ಷ ಆ ಸೈನಿಕರು ತಮ್ಮ ಮೈಯ ನೋವನ್ನು ತಾವೇ ಅನುಮಾನಿಸುವಂತಾಗಿತ್ತು. 2008ರಲ್ಲಿ ಸರ್ಕಾರವೇ ನೇಮಿಸಿದ್ದ ಸಂಶೋಧನಾ ಸಲಹಾ ಸಮಿತಿ ಈ ಕಾಯಿಲೆ ನಿಜ, ಹೋದವರಲ್ಲಿ ನಾಲ್ವರಲ್ಲಿ ಒಬ್ಬರಿಗಾದರೂ ಇದೆ ಎಂದು ವರದಿ ಕೊಟ್ಟಿತು. ಬ್ರಿಟನ್ 1993ರಲ್ಲಿ ಕೊಲ್ಲಿ ಸೈನಿಕರಿಗಾಗಿಯೇ ಪ್ರತ್ಯೇಕ ವೈದ್ಯಕೀಯ ತಪಾಸಣೆ ಆರಂಭಿಸಿತು. ಆದರೆ ‘ಗಲ್ಫ್ ವಾರ್ ಸಿಂಡ್ರೋಮ್’ ಎಂಬ ಹೆಸರನ್ನು ಅಲ್ಲಿನ ಪಿಂಚಣಿ ನ್ಯಾಯಮಂಡಳಿ ಒಪ್ಪಿದ್ದು 2005ರಲ್ಲಿ.

ಕಾನೂನು ಇದ್ದ ಮಾತ್ರಕ್ಕೆ ಕೆಲಸ ಆಗಲಿಲ್ಲ ಎಂಬುದನ್ನೂ ಹೇಳಬೇಕು. 2015ರಲ್ಲಿ ಅಮೆರಿಕದಲ್ಲಿ ಈ ಬಗೆಯ ಅರ್ಜಿಗಳಲ್ಲಿ ಮಂಜೂರಾದವು ಸುಮಾರು 17% ಮಾತ್ರ ಎಂದು ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2017ರಲ್ಲಿ ತಿಳಿಸಿತು. ನಮಗೆ ಉಪಯೋಗಕ್ಕೆ ಬರುವುದು ಆ ಕಾನೂನಿನ ಇನ್ನೊಂದು ಅಂಶ. ಹೆಸರಿಲ್ಲದ ಕಾಯಿಲೆಗೆ ವೈದ್ಯರ ವರದಿಯೊಂದೇ ಸಾಕ್ಷಿ ಅಲ್ಲ, ಪರಿಶೀಲಿಸಿ ನೋಡಬಹುದಾದ ಇತರ ಗುರುತುಗಳೂ ಸಾಕ್ಷಿಯೇ ಎಂದು ಅಲ್ಲಿನ ನಿಯಮ ಹೇಳುತ್ತದೆ. ಕೆಲಸಕ್ಕೆ ಹಾಕಿದ ರಜೆ, ಮನೆಯವರು ಕಣ್ಣಾರೆ ಕಂಡ ಬದಲಾವಣೆ ಇಂಥವು. ನಮ್ಮ ದೇಶದಲ್ಲಿ ಇಂಥ ಪ್ರತ್ಯೇಕ ಕಾನೂನು ಇಲ್ಲ. ಆದರೆ ಈ ಬಗೆಯ ಸಾಕ್ಷ್ಯ ಸೇರಿಸುವುದನ್ನು ಯಾರೂ ತಡೆದಿಲ್ಲ.

ಮೊದಲು ಚಿಕಿತ್ಸೆ

ಪಿಂಚಣಿಯ ಮಾತಿಗಿಂತ ಮುಂಚೆ, ಗುಣವಾಗಬಹುದಾದ ಕಾಯಿಲೆ ಒಳಗೆ ಅಡಗಿದೆಯೇ ಎಂದು ನೋಡಲೇಬೇಕು. ಬೀದರ್‌ನ ಬ್ರಿಮ್ಸ್, ಕಲಬುರಗಿಯ ಜಿಮ್ಸ್, ಯಾದಗಿರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಅಥವಾ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇದ್ದವರು ತಮ್ಮ ಪಾಲಿಕ್ಲಿನಿಕ್‌ನಲ್ಲಿ ಥೈರಾಯ್ಡ್, ಸಕ್ಕರೆ, ಬಿ12, ವಿಟಮಿನ್ ಡಿ, ಕ್ಷಯ ಇವುಗಳ ಪರೀಕ್ಷೆ ಮಾಡಿಸಿ. ದನಕರು ಸಾಕಿದ ಮನೆಯಾದರೆ ಬ್ರುಸೆಲ್ಲೋಸಿಸ್ ಬಗ್ಗೆಯೂ ವೈದ್ಯರನ್ನು ಕೇಳಿ. ಬಿಟ್ಟುಬಿಟ್ಟು ಬರುವ ಜ್ವರ ಮತ್ತು ಕೀಲುನೋವಿಗೆ ಅದೂ ಕಾರಣ, ಔಷಧಿಗೆ ಬಗ್ಗುವ ಕಾಯಿಲೆ.

ನಮ್ಮ ಭಾಗಕ್ಕೇ ಸಂಬಂಧಿಸಿದ ಒಂದು ವಿಷಯ ನೀರು. ಯಾದಗಿರಿ, ಕಲಬುರಗಿ ಜಿಲ್ಲೆಗಳ ಎಷ್ಟೋ ಊರುಗಳ ಕೊಳವೆಬಾವಿಯಲ್ಲಿ ಫ್ಲೋರೈಡ್ ಹೆಚ್ಚು. ವರ್ಷಗಟ್ಟಲೆ ಆ ನೀರು ಕುಡಿದರೆ ಬೆನ್ನು, ಕುತ್ತಿಗೆ, ಮೊಣಕಾಲು ಬಿಗಿಯುತ್ತವೆ. ಸುರಪುರ ತಾಲ್ಲೂಕಿನಿಂದ ಬಂದಿದ್ದ ಒಬ್ಬ ಕಾಕಾ ಅವರಿಗೆ ನಾನು ಮೊದಲು ಹೇಳಿದ್ದು ಊರಿನ ನೀರು ಪರೀಕ್ಷೆ ಮಾಡಿಸಿ ಎಂದು. ಎರಡು ಕಾರಣಕ್ಕೆ ಹೇಳಿದೆ. ನೀರೇ ಕಾರಣವಾಗಿದ್ದರೆ ಮೊದಲು ನೀರು ಬದಲಾಗಬೇಕು. ನೀರು ಕಾರಣ ಅಲ್ಲವಾದರೆ, ಮುಂದೆ ಯಾರಾದರೂ ‘ಇದು ನಿಮ್ಮ ಊರಿನ ನೀರಿನ ದೋಷ’ ಎಂದಾಗ ಆ ವರದಿ ಕೈಯಲ್ಲಿರಬೇಕು.

ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ದಿನವೂ ನುಂಗಬೇಡಿ, ಮೂತ್ರಪಿಂಡ ಹಾಳಾಗುತ್ತದೆ. ಊರಲ್ಲಿ ಹಾಕಿಸಿಕೊಳ್ಳುವ ಇಂಜೆಕ್ಷನ್‌ಗಳಲ್ಲಿ ಸ್ಟಿರಾಯ್ಡ್ ಇರುವುದುಂಟು. ನಾಲ್ಕು ದಿನ ಹಾಯೆನಿಸಿ ಆಮೇಲೆ ಮೂಳೆ ತಿನ್ನುತ್ತದೆ. ಇನ್ನು ಮನೋವೈದ್ಯರ ಬಳಿ ಹೋಗಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಹೋಗಿ. ನಮ್ಮ ಕಡೆ ಅದನ್ನು ಅವಮಾನ ಎಂದುಕೊಳ್ಳುತ್ತಾರೆ. ಮನಸ್ಸಿನ ಕಾಯಿಲೆಯೂ ಕಾಯಿಲೆಯೇ, ಅದಕ್ಕೂ ಅಂಗವೈಕಲ್ಯ ಪಿಂಚಣಿ ಕೇಳಲು ಅವಕಾಶ ಇದೆ. ರಾತ್ರಿ ತಡೆಯಲಾಗದಷ್ಟು ಸಂಕಟವಾದರೆ ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416 ದಿನದ ಎಲ್ಲ ಹೊತ್ತಿನಲ್ಲೂ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಪ್ರತಿ ಭೇಟಿಯಲ್ಲೂ ಒಂದು ಕೆಲಸ ಮರೆಯಬಾರದು. ಒಪಿಡಿ ಚೀಟಿಯಲ್ಲಿ ವೈದ್ಯರು ಔಷಧಿ ಮಾತ್ರ ಬರೆದು ಕಳುಹಿಸುತ್ತಾರೆ. ‘ಸರ್, ಯಾವ ವರ್ಷದಿಂದ ನೋವಿದೆ ಎಂಬುದನ್ನೂ ಒಂದು ಸಾಲು ಬರೆಯಿರಿ’ ಎಂದು ವಿನಯದಿಂದ ಕೇಳಿ. ಹೆಚ್ಚಿನವರು ಬರೆಯುತ್ತಾರೆ. ಆ ಒಂದು ಸಾಲಿಗೆ ಮುಂದೆ ಬಹಳ ಬೆಲೆ ಇದೆ.

ಮನೆಯಲ್ಲಿ ಇಡಬೇಕಾದ ನೋಟ್‌ಬುಕ್

ದೊಡ್ಡ ಬರವಣಿಗೆ ಬೇಡ. ಮಕ್ಕಳ ಇನ್ನೂರು ಪುಟದ ನೋಟ್‌ಬುಕ್ ಸಾಕು. ದಿನಾಂಕ, ಏನು ಆಯಿತು, ಯಾವ ಕೆಲಸ ನಿಂತಿತು, ಅಷ್ಟು ಬರೆದರೆ ಆಯಿತು. ‘ಬಹಳ ನೋವಿತ್ತು’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ತೊಗರಿ ರಾಶಿಗೆ ಹೋಗಲು ಆಗಲಿಲ್ಲ, ಆಳು ಇಟ್ಟೆವು’, ‘ಅಂಗಿಯ ಗುಂಡಿ ಹಾಕಲು ಬೆರಳು ಮಡಚಲಿಲ್ಲ, ಮಗ ಹಾಕಿದ’, ‘ಬಸ್ ಹತ್ತಿ ಯಾವ ಊರಿಗೆ ಹೊರಟಿದ್ದೆ ಎಂದು ಮರೆತರು, ಕಂಡಕ್ಟರ್ ಫೋನ್ ಮಾಡಿದರು’ ಎಂದು ಬರೆದರೆ ಓದುವ ಅಧಿಕಾರಿಗೂ ಕಾಣುತ್ತದೆ. ನಿವೃತ್ತಿಯ ನಂತರ ಬ್ಯಾಂಕ್ ಕಾವಲಿನಂಥ ಕೆಲಸ ಸಿಕ್ಕು ಕಾಯಿಲೆಯಿಂದ ಬಿಟ್ಟಿದ್ದರೆ ಆ ರಜೆ ಅರ್ಜಿಗಳ, ರಾಜೀನಾಮೆಯ ಪ್ರತಿ ಸೇರಿಸಿ.

ಜೊತೆಗೆ ಒಂದು ಕಾಲಪಟ್ಟಿ ಮಾಡಿ. ಎಡಗಡೆ ವರ್ಷ, ನಡುವೆ ಯೂನಿಟ್ ಇದ್ದ ಸ್ಥಳ, ಬಲಗಡೆ ಆರೋಗ್ಯ. ನಮ್ಮ ಮನೆಯವರಿಗೆ ಮೊದಲು ಏನೂ ನೆನಪಿರಲಿಲ್ಲ. ಹಳೆಯ ಟ್ರಂಕ್‌ನಲ್ಲಿದ್ದ ಪತ್ರಗಳನ್ನು ಹರಡಿಕೊಂಡು ಕೂತಾಗ ಒಂದೊಂದೇ ಹೊರಬಂತು: ಯಾವ ಚಳಿಗಾಲದಲ್ಲಿ ಎಂ.ಐ. ರೂಮ್‌ಗೆ (ಯೂನಿಟ್ಟಿನ ಚಿಕಿತ್ಸಾ ಕೊಠಡಿಗೆ) ಮೊದಲು ಹೋದದ್ದು, ಯಾವ ಕ್ಯಾಂಪಿನಲ್ಲಿ ಸೀಮೆಎಣ್ಣೆ ಬುಖಾರಿಯ (ಬಿಸಿ ಕಾಯಿಸುವ ಒಲೆಯ) ಹೊಗೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದು, ಯಾವಾಗ ಸಿಕ್ ರಿಪೋರ್ಟ್ ಮಾಡಲು ಹೋಗಿ ಬೈಸಿಕೊಂಡದ್ದು. ಒಟ್ಟಿಗೆ ಇದ್ದ ಸಂಗಾತಿಗಳ ಹೆಸರು ನೆನಪಾದರೆ ಬರೆದಿಡಿ. ಅವರಲ್ಲಿ ಒಬ್ಬರಾದರೂ ‘ಇವರು ಅಲ್ಲಿ ಕಾಯಿಲೆ ಬಿದ್ದದ್ದನ್ನು ನಾನು ಕಂಡಿದ್ದೇನೆ’ ಎಂದು ಪ್ರಮಾಣಪತ್ರ ಮಾಡಿಕೊಟ್ಟರೆ ಕಡತ ಗಟ್ಟಿಯಾಗುತ್ತದೆ.

ದಾಖಲೆ ತರಿಸುವುದು

ಈಗ ಸೈನ್ಯದ ಕಾಗದಗಳು. ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ (ಪಿಂಚಣಿ ಪಾವತಿ ಆದೇಶ) ನಿಮ್ಮ ಬಳಿಯೇ ಇರುತ್ತವೆ. ಇಲ್ಲದಿರುವುದು ವೈದ್ಯಕೀಯ ದಾಖಲೆ. ಅದು ನಿಮ್ಮ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿನಲ್ಲಿ ಇರುತ್ತದೆ. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ, ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರಿಗೆ ಬೆಂಗಳೂರು, ತೋಪಖಾನೆಯವರಿಗೆ ನಾಶಿಕ್ ರೋಡ್, ಇಎಂಇಯವರಿಗೆ ಸಿಕಂದರಾಬಾದ್, ಸಿಗ್ನಲ್ಸ್‌ನವರಿಗೆ ಜಬಲ್‌ಪುರ, ವಾಯುಸೇನೆಯವರಿಗೆ ದೆಹಲಿ. ಬೀದರ್ ವಾಯುನೆಲೆಯಲ್ಲಿ ಕೆಲಸ ಮಾಡಿ ಅಲ್ಲೇ ನೆಲೆಸಿದವರು ಅನೇಕರು ಕಾಗದಗಳು ಬೀದರ್‌ನಲ್ಲೇ ಇವೆ ಎಂದುಕೊಂಡಿರುತ್ತಾರೆ. ಅಲ್ಲಿ ಇರುವುದಿಲ್ಲ.

ಮಾಹಿತಿ ಹಕ್ಕು ಅರ್ಜಿ ಹಾಕಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, ಆನ್‌ಲೈನ್‌ನಲ್ಲೂ ಹಾಕಬಹುದು. ಕೇಳಬೇಕಾದದ್ದನ್ನು ಬಿಡಿಬಿಡಿಯಾಗಿ ಕೇಳಿ: ಭರ್ತಿಯಾದಾಗಿನ ವೈದ್ಯಕೀಯ ಪರೀಕ್ಷೆಯ ಪ್ರತಿ, ಸೇವೆಯಲ್ಲಿ ಆರೋಗ್ಯದ ಕಾರಣಕ್ಕೆ ಕೆಳ ವೈದ್ಯಕೀಯ ದರ್ಜೆಗೆ ಹಾಕಿದ್ದರೆ ಆ ಎಲ್ಲ ವೈದ್ಯಕೀಯ ಬೋರ್ಡ್‌ಗಳ ಪ್ರತಿ, ಮಿಲಿಟರಿ ಆಸ್ಪತ್ರೆಯಲ್ಲಿ ದಾಖಲಾಗಿದ್ದರೆ ಕೇಸ್ ಶೀಟ್, ಬಿಡುಗಡೆಯ ವೈದ್ಯಕೀಯ ಮಂಡಳಿಯ ಎಎಫ್‌ಎಂಎಸ್‌ಎಫ್–16 ನಮೂನೆ, ಪಿಂಚಣಿ ತಿರಸ್ಕರಿಸಿದ ಪತ್ರ. ‘ನನ್ನ ಎಲ್ಲ ದಾಖಲೆ ಕೊಡಿ’ ಎಂದು ಬರೆದರೆ ಏನೂ ಬರುವುದಿಲ್ಲ. ಸೈನ್ಯದ ನಂಬರ್, ಹುದ್ದೆ, ನಿವೃತ್ತಿಯ ದಿನಾಂಕ ಬರೆದು ಗುರುತಿನ ಚೀಟಿಯ ಪ್ರತಿ ಲಗತ್ತಿಸಿ, ನಿಮ್ಮ ದಾಖಲೆಯನ್ನು ನೀವೇ ಕೇಳುತ್ತಿದ್ದೀರಿ ಎಂದು ಅವರಿಗೆ ಗೊತ್ತಾಗಬೇಕು. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ. ಇಡೀ ಕೆಲಸದಲ್ಲಿ ತಡ ಮಾಡಬಾರದ ಹೆಜ್ಜೆ ಇದೇ. ದಾಖಲೆಗಳನ್ನು ಅವಧಿ ಮುಗಿದ ಮೇಲೆ ನಾಶ ಮಾಡುತ್ತಾರೆ. ಇನ್ನೂ ಮುಖ್ಯವಾಗಿ, ಅಂಗವೈಕಲ್ಯ ಪಿಂಚಣಿಯ 2008ರ ಅರ್ಹತಾ ನಿಯಮಗಳ ಪ್ರಕಾರ ನಿವೃತ್ತಿಯಾಗಿ ಹದಿನೈದು ವರ್ಷದ ನಂತರ, ಅಂದರೆ ದಾಖಲೆಗಳು ನಾಶವಾದ ಮೇಲೆ ಕೇಳಿದರೆ, ಸಾಬೀತು ಮಾಡುವ ಹೊಣೆ ನಿಮ್ಮ ಮೇಲೆಯೇ ಬೀಳುತ್ತದೆ.

ಎಎಫ್‌ಎಂಎಸ್‌ಎಫ್–16 ಓದುವುದು

ಈ ನಮೂನೆ ಕೈಗೆ ಬಂದಾಗ ಹೆದರಬೇಡಿ. ಅಕ್ಷರ ಕೆಟ್ಟದಾಗಿರುತ್ತದೆ, ಫೋಟೊಕಾಪಿ ಮಸುಕಾಗಿರುತ್ತದೆ, ಎಲ್ಲವೂ ಇಂಗ್ಲಿಷಿನಲ್ಲಿ ಇರುತ್ತದೆ. ನೀವು ನೋಡಬೇಕಾದದ್ದು ಮಂಡಳಿಯ ಅಭಿಪ್ರಾಯ ಇರುವ ಭಾಗ ಮಾತ್ರ. ಅಲ್ಲಿ ಒಂದು ಚೌಕಟ್ಟು ಇದೆ. ಮೊದಲ ಅಂಕಣದಲ್ಲಿ ಕಾಯಿಲೆ. ನಂತರ ಮೂರು ಪ್ರಶ್ನೆ: ಇದು ಸೇವೆಯಿಂದ ಉಂಟಾದದ್ದೇ? ಸೇವೆಯಿಂದ ಉಲ್ಬಣಿಸಿದ್ದೇ? ಸೇವೆಗೆ ಸಂಬಂಧ ಇಲ್ಲದ್ದೇ? ಕೊನೆಯ ಅಂಕಣದಲ್ಲಿ ಕಾರಣ ಬರೆಯಬೇಕು. ಅದರ ಕೆಳಗೆ ಬೇರೆ ಪ್ರಶ್ನೆ: ಸೇವೆಗೆ ಸೇರುವ ಮೊದಲೇ ಈ ಕಾಯಿಲೆ ಇತ್ತೇ? ಇದ್ದಿದ್ದರೆ ಭರ್ತಿಯ ಪರೀಕ್ಷೆಯಲ್ಲಿ ಪತ್ತೆಯಾಗದೆ ಹೋಗಲು ಸಾಧ್ಯವಿತ್ತೇ? ಇನ್ನೂ ಕೆಳಗೆ ಅಸಾಮರ್ಥ್ಯ ಎಷ್ಟು ಶೇಕಡಾ ಎಂಬುದು.

ನಮ್ಮ ಮನೆಯವರ ಕಾಗದದಲ್ಲಿ ಸೇವೆಯಿಂದ ಉಂಟಾದದ್ದೇ ಎಂಬುದರ ಮುಂದೆ ‘ಇಲ್ಲ’. ಉಲ್ಬಣಿಸಿದ್ದೇ ಎಂಬುದರ ಮುಂದೆ ‘ಇಲ್ಲ’. ಸೇರುವ ಮೊದಲು ಇತ್ತೇ ಎಂಬುದರ ಮುಂದೆಯೂ ‘ಇಲ್ಲ’. ಕಾರಣದ ಅಂಕಣದಲ್ಲಿ ಸೇವೆಗೆ ಸಂಬಂಧವಿಲ್ಲ ಎಂಬ ಒಂದೇ ಸಾಲು. ಶೇಕಡಾ 20, ಜೀವನಪರ್ಯಂತ. ರಾತ್ರಿ ಅಡುಗೆಮನೆಯ ದೀಪದ ಕೆಳಗೆ ಆ ಮೂರು ‘ಇಲ್ಲ’ಗಳನ್ನು ನೋಡುತ್ತಾ ಕೂತಿದ್ದೆ. ಮೊದಲು ಇರಲಿಲ್ಲ, ಸೇವೆಯಲ್ಲಿ ಬಂತು, ಆದರೆ ಸೇವೆಯಿಂದ ಬಂದದ್ದಲ್ಲ. ಹಾಗಾದರೆ ಎಲ್ಲಿಂದ ಬಂತು? ಅದನ್ನು ಆ ಕೊನೆಯ ಅಂಕಣ ಹೇಳಬೇಕಿತ್ತು, ಹೇಳಿರಲಿಲ್ಲ. ನಮ್ಮ ಇಡೀ ಪ್ರಕರಣ ಆ ಖಾಲಿ ಜಾಗದ ಮೇಲೆ ನಿಂತಿತು.

ಸೈನಿಕರ ಬಾಯಲ್ಲಿ ಇದಕ್ಕೆ ‘ನಾನಾ’ ಎನ್ನುತ್ತಾರೆ. ಉಂಟಾದದ್ದೂ ಅಲ್ಲ, ಉಲ್ಬಣಿಸಿದ್ದೂ ಅಲ್ಲ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು. ‘ನನಗೆ ನಾನಾ ಬರೆದಿದ್ದಾರೆ, ಮುಗಿಯಿತು’ ಎಂದು ಕೈಬಿಟ್ಟವರನ್ನು ನಾನು ಕಂಡಿದ್ದೇನೆ. ಅಲ್ಲಿಗೆ ಮುಗಿಯುವುದಿಲ್ಲ.

ಕಾನೂನು ಯಾರ ಕಡೆ ಇದೆ

1982ರ ಅರ್ಹತಾ ನಿಯಮಗಳು ಹೀಗೆ ಹೇಳುತ್ತವೆ: ಸೇರುವಾಗ ಬೇರೆ ರೀತಿ ಬರೆದಿಲ್ಲದಿದ್ದರೆ ಸೈನಿಕ ಆರೋಗ್ಯವಂತನಾಗಿಯೇ ಸೇರಿದ ಎಂದು ಭಾವಿಸಬೇಕು. ಅರ್ಹತೆಯನ್ನು ಸಾಬೀತು ಮಾಡು ಎಂದು ಅವನನ್ನು ಕೇಳಬಾರದು. ಸಂದೇಹ ಇದ್ದರೆ ಅದರ ಲಾಭ ಅವನಿಗೆ. ಭರ್ತಿಯ ಸಮಯದಲ್ಲಿ ಪತ್ತೆಯಾಗದ ಕಾಯಿಲೆ ಎಂದು ವೈದ್ಯರು ಹೇಳುವುದಾದರೆ ಕಾರಣ ಬರೆಯಬೇಕು. ಸುಪ್ರೀಂ ಕೋರ್ಟ್ 2013ರ ಧರಂವೀರ್ ಸಿಂಗ್ ತೀರ್ಪಿನಲ್ಲಿ ಇವನ್ನೆಲ್ಲ ಒಂದೊಂದಾಗಿ ಎತ್ತಿ ಹೇಳಿ, ಮೂರ್ಛೆರೋಗದಿಂದ ಹೊರಹಾಕಲ್ಪಟ್ಟಿದ್ದ ಆ ಸೈನಿಕನಿಗೆ ಪಿಂಚಣಿ ಕೊಡಿಸಿತು. ಕಾರಣ ಬರೆಯದ ಮಂಡಳಿಯ ಅಭಿಪ್ರಾಯವನ್ನು ಕಣ್ಣುಮುಚ್ಚಿ ಒಪ್ಪಲಾಗದು ಎಂಬುದು ಅದರ ತಿರುಳು. ಆ ತೀರ್ಪಿನ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ.

‘ನೀವು ಶಾಂತಿ ಠಾಣೆಯಲ್ಲಿ ಇದ್ದಿರಿ’ ಎಂಬ ಕಾರಣ ಕೊಟ್ಟಿದ್ದರೆ ಸೇನಾ ವೈದ್ಯಕೀಯ ಸೇವೆಗಳ ನಿಯಮಾವಳಿಯ 423ನೇ ನಿಯಮ ನೋಡಿ. ಕಾಯಿಲೆಯ ಕಾರಣ ಹುಟ್ಟಿದ್ದು ಯುದ್ಧಭೂಮಿಯಲ್ಲೋ ಶಾಂತಿ ಠಾಣೆಯಲ್ಲೋ ಎಂಬುದು ಮುಖ್ಯವಲ್ಲ, ಸೇವೆಯೊಂದಿಗೆ ಸಂಬಂಧ ಇದೆಯೇ ಎಂಬುದು ಮುಖ್ಯ ಎಂದು ಅದು ಹೇಳುತ್ತದೆ.

ಎಲ್ಲ ಪ್ರಕರಣಗಳೂ ಗೆಲ್ಲುವುದಿಲ್ಲ. 2019ರ ನರಸಿಂಗ್ ಯಾದವ್ ಪ್ರಕರಣದಲ್ಲಿ ಸ್ಕಿಜೋಫ್ರೇನಿಯಾಕ್ಕೆ ಪಿಂಚಣಿ ಕೊಡಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ವೈದ್ಯಕೀಯ ಮಂಡಳಿಯ ಅಭಿಪ್ರಾಯಕ್ಕೆ ತೂಕ ಕೊಟ್ಟಿತು. ನಿಮ್ಮ ವಕೀಲರು ಈ ತೀರ್ಪನ್ನೂ ಓದಿರಬೇಕು. ಇನ್ನೊಂದು ಎಚ್ಚರ: 2008ರ ಜನವರಿಯಿಂದ ಈಚೆಗೆ ನಿವೃತ್ತರಾದವರಿಗೆ 2008ರ ನಿಯಮಗಳು, 2023ರ ಸೆಪ್ಟೆಂಬರ್ 21ರ ನಂತರ ಹೊರಬಂದವರಿಗೆ 2023ರ ಹೊಸ ನಿಯಮಗಳು. ಹೊಸ ನಿಯಮದಲ್ಲಿ ಕಾಯಿಲೆಯಿಂದ ಹೊರಹಾಕಲ್ಪಟ್ಟವರನ್ನು ಮತ್ತು ಸೇವೆ ಪೂರ್ಣಗೊಳಿಸಿದವರನ್ನು ಬೇರೆ ಬೇರೆಯಾಗಿ ನೋಡುತ್ತಾರೆ, ಎರಡನೆಯವರಿಗೆ ಸಿಗುವುದಕ್ಕೆ ಹೆಸರೂ ಬೇರೆ. ಈಚೆಗೆ ಬಂದ ಹುಡುಗರು ಹಿರಿಯರ ಅರ್ಜಿಯನ್ನು ನಕಲು ಮಾಡಿದರೆ ಮೊದಲ ಪುಟದಲ್ಲೇ ಎಡವುತ್ತಾರೆ.

ನಿವೃತ್ತಿಯ ನಂತರ ಕಾಣಿಸಿಕೊಂಡ ಕಾಯಿಲೆಗೂ ದಾರಿ ಇದೆ. ಸೇವೆಯಲ್ಲಿ ಶುರುವಾದ ಪ್ರಕ್ರಿಯೆ ತಡವಾಗಿ ಹೊರಬಿದ್ದಿದೆ ಎಂದು ವೈದ್ಯರು ಹೇಳಬೇಕು, ನಿಗದಿತ ವರ್ಷಗಳೊಳಗೆ ಕಾಣಿಸಿಕೊಂಡಿರಬೇಕು. ಇಂಥವರಿಗೆ ಎಂ.ಐ. ರೂಮಿನ ಹಳೆಯ ಒಂದು ಚೀಟಿ ಸಿಕ್ಕರೂ ಅದು ಬಂಗಾರ.

ಅರ್ಜಿಯ ದಾರಿ

ಮೊದಲ ಮೇಲ್ಮನವಿ ರೆಕಾರ್ಡ್ಸ್ ಆಫೀಸಿನ ಮೂಲಕ ಹೋಗುತ್ತದೆ. ತಿರಸ್ಕಾರ ಪತ್ರ ಬಂದು ಆರು ತಿಂಗಳೊಳಗೆ ಹಾಕಬೇಕು. ತಡವಾಗಿದ್ದರೂ ಹಾಕಿ, ತಡವಾದ ಕಾರಣವನ್ನು ನೇರವಾಗಿ ಬರೆಯಿರಿ. ಅದೂ ತಿರಸ್ಕೃತವಾದರೆ ಎರಡನೆಯ ಮೇಲ್ಮನವಿ. ಬರವಣಿಗೆ ಎರಡು ಪುಟ ಮೀರದಿರಲಿ: ಕಾಲಪಟ್ಟಿ, ಭರ್ತಿಯ ಸಮಯದಲ್ಲಿ ಪೂರ್ಣ ಆರೋಗ್ಯ ಎಂದು ಬರೆದ ಸಾಲು, ಎಎಫ್‌ಎಂಎಸ್‌ಎಫ್–16ರಲ್ಲಿ ಕಾರಣ ಇಲ್ಲದ ಅಂಕಣ, ನಿಯಮ ಮತ್ತು ತೀರ್ಪು, ಕೋರಿಕೆ. ಸಿಟ್ಟಿನ ಮಾತು ಬೇಡ. ದೇಶಕ್ಕಾಗಿ ಎಷ್ಟು ಕಷ್ಟಪಟ್ಟಿರಿ ಎಂಬುದು ನಿಜವೇ ಇರಬಹುದು, ಆದರೆ ಆ ಅಧಿಕಾರಿ ಹುಡುಕುವುದು ದಿನಾಂಕ. ಎಲ್ಲವನ್ನೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ ರಸೀದಿಯನ್ನು ಪ್ರತಿಗೆ ಪಿನ್ ಮಾಡಿ ಇಡಿ. ಒಂದು ಕಚೇರಿಯಲ್ಲಿ ನಮ್ಮ ಅರ್ಜಿ ಬಂದೇ ಇಲ್ಲ ಎಂದಾಗ ನನ್ನನ್ನು ಕಾಪಾಡಿದ್ದು ಅಂಚೆ ರಸೀದಿ.

ಮೇಲ್ಮನವಿಯ ಹಂತದಲ್ಲಿ ಅಥವಾ ನ್ಯಾಯಮಂಡಳಿಯ ಆದೇಶದಂತೆ ಮತ್ತೆ ವೈದ್ಯಕೀಯ ಮಂಡಳಿಗೆ ಕರೆಯಬಹುದು. ನೋಟ್‌ಬುಕ್, ಒಪಿಡಿ ಚೀಟಿಗಳು, ಈಗ ನುಂಗುವ ಮಾತ್ರೆಗಳ ಪಟ್ಟಿ ಒಯ್ಯಿರಿ. ಇಲ್ಲದ ನೋವನ್ನು ಹೇಳಬೇಡಿ, ಇರುವ ನೋವನ್ನು ಮುಚ್ಚಬೇಡಿ. ನಮ್ಮ ಫೌಜಿಗಳು ಎರಡನೆಯದನ್ನೇ ಹೆಚ್ಚು ಮಾಡುತ್ತಾರೆ. ಅಧಿಕಾರಿ ಎದುರಿಗೆ ಬಂದೊಡನೆ ಎದೆ ಸೆಟೆಸಿ ‘ಠೀಕ್ ಹೂಂ ಸಾಬ್’ ಎಂದುಬಿಡುತ್ತಾರೆ. ಹಿಂದಿನ ರಾತ್ರಿಯೇ ಹೆಂಡತಿ ಕೂರಿಸಿಕೊಂಡು ಹೇಳಬೇಕು.

ಮೇಲ್ಮನವಿಗಳು ಮುಗಿದ ಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಬರುವುದು ಕೊಚ್ಚಿ ಪೀಠದ ವ್ಯಾಪ್ತಿಗೆ. ಅಂತಿಮ ಆದೇಶದಿಂದ ಆರು ತಿಂಗಳು ಕಾಲಾವಕಾಶ, ಸರಿಯಾದ ಕಾರಣ ಇದ್ದರೆ ವಿಳಂಬ ಮನ್ನಿಸುತ್ತಾರೆ. ವಿಳಂಬದಿಂದ ಹಕ್ಕು ಹೋಗದಿದ್ದರೂ ಹಣ ಹೋಗುತ್ತದೆ. 2008ರ ತರ್ಸೇಮ್ ಸಿಂಗ್ ತೀರ್ಪಿನಂತೆ ತಡವಾಗಿ ಬಂದವರಿಗೆ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷದ ಬಾಕಿಯನ್ನಷ್ಟೇ ಕೊಡುತ್ತಾರೆ. ನಮಗೂ ಹಾಗೆಯೇ ಆಯಿತು. ನ್ಯಾಯಮಂಡಳಿಯಲ್ಲಿ ಸೋತರೆ ಹೈಕೋರ್ಟಿಗೆ ಹೋಗಬಹುದು ಎಂದು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ, ನಮಗಂತೂ ಹೈಕೋರ್ಟ್ ಪೀಠ ಕಲಬುರಗಿಯಲ್ಲೇ ಇದೆ.

ವಕೀಲರಿಗೆ ಕೊಡಲು ದುಡ್ಡಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಸೈನಿಕರ ಕುಟುಂಬಗಳಿಗಾಗಿಯೇ 2025ರ ಜುಲೈನಲ್ಲಿ ವೀರ ಪರಿವಾರ ಸಹಾಯತಾ ಯೋಜನೆ ಶುರುವಾಗಿದೆ. ನಿಮ್ಮ ಜಿಲ್ಲೆಗೆ ಸಂಬಂಧಿಸಿದ ಸೈನಿಕ ಕಲ್ಯಾಣ ಕಚೇರಿಯಲ್ಲಿ ಅದರ ಬಗ್ಗೆ ಕೇಳಿ. ಬಂದ ಬಾಕಿಯಲ್ಲಿ ಇಷ್ಟು ಪಾಲು ಕೊಡಿ ಎನ್ನುವ ದಲ್ಲಾಳಿಗಳನ್ನು ಮನೆಯೊಳಗೆ ಸೇರಿಸಬೇಡಿ, ಅಸಲು ಕಾಗದಗಳನ್ನು ಯಾರ ಕೈಗೂ ಕೊಡಬೇಡಿ.

ಮೊತ್ತದ ಲೆಕ್ಕ

100% ಅಂಗವೈಕಲ್ಯಕ್ಕೆ ಕೊನೆಯ ವೇತನದ 30% ಎಂಬುದು 2006ರ ನಂತರದ ಲೆಕ್ಕ. ಕನಿಷ್ಠ ಮೊತ್ತ ಬೇರೆ ಇದೆ. 20% ಬರೆದಿದ್ದರೆ ವೇತನದ 6% ಆಗಬೇಕು. ಆದರೆ 50%ಕ್ಕಿಂತ ಕಡಿಮೆ ಇದ್ದುದನ್ನು 50% ಎಂದು, 50ರಿಂದ 75ರವರೆಗಿನದನ್ನು 75 ಎಂದು, ಅದಕ್ಕಿಂತ ಹೆಚ್ಚಿನದನ್ನು 100 ಎಂದು ಏರಿಸಿ ಲೆಕ್ಕ ಹಾಕುವ ಪದ್ಧತಿ ಇದೆ. ಸೇವೆ ಪೂರ್ಣಗೊಳಿಸಿ ನಿವೃತ್ತರಾದವರಿಗೂ ಇದು ಸಲ್ಲುತ್ತದೆ ಎಂದು 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಗ 6% ಇದ್ದದ್ದು 15% ಆಗುತ್ತದೆ. ಅರ್ಜಿಯ ಕೋರಿಕೆಯಲ್ಲಿ ಇದನ್ನು ಪ್ರತ್ಯೇಕವಾಗಿ ಕೇಳಿ. ಕೇಳದಿದ್ದರೆ ಆದೇಶದಲ್ಲಿ ಬಿಟ್ಟುಹೋಗಬಹುದು, ಆಮೇಲೆ ಅದಕ್ಕಾಗಿಯೇ ಮತ್ತೊಂದು ಅರ್ಜಿ. 20%ಕ್ಕಿಂತ ಕಡಿಮೆ ಬರೆದಿದ್ದರೆ ಸಾಮಾನ್ಯವಾಗಿ ಪಿಂಚಣಿ ಸಿಗುವುದಿಲ್ಲ, ಆದ್ದರಿಂದ ಶೇಕಡಾವಾರನ್ನೇ ಪ್ರಶ್ನಿಸಬೇಕಾಗುತ್ತದೆ. ಆಗ ನೋಟ್‌ಬುಕ್ಕಿಗೆ ಹೆಚ್ಚು ಕೆಲಸ.

ಆದೇಶ ಬಂದ ಮೇಲೆ ತಿದ್ದುಪಡಿ ಪಿಪಿಒ ಬರುತ್ತದೆ. ಸ್ಪರ್ಶ್ (ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ) ಖಾತೆಗೆ ಲಾಗಿನ್ ಆಗಿ, ಅಥವಾ ಹತ್ತಿರದ ಸೇವಾ ಕೇಂದ್ರದಲ್ಲಿ ತೆಗೆಸಿ, ಮೂರು ಸಾಲು ನೋಡಿ: ಅಂಗವೈಕಲ್ಯದ ಶೇಕಡಾ, ಯಾವ ದಿನಾಂಕದಿಂದ, ಎಷ್ಟು ಕಾಲದವರೆಗೆ. ನಮ್ಮ ಮನೆಯವರ ಮೊದಲ ಪಿಪಿಒದಲ್ಲಿ 50ರ ಬದಲು 20 ಎಂದೇ ಬಂದಿತ್ತು, ಮತ್ತೆ ಬರೆದು ತಿದ್ದಿಸಬೇಕಾಯಿತು. ಕಾಯಿಲೆ ಹೆಚ್ಚಾಗಿದ್ದರೆ ಮರುಮೌಲ್ಯಮಾಪನ ಕೇಳುವ ಅವಕಾಶವೂ ಇದೆ. ಪಿಪಿಒದ ಒಂದು ಪ್ರತಿಯನ್ನು ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗೆ ಕೊಡಿ, ಇನ್ನೊಂದು ಹೆಂಡತಿಯ ಬಳಿ ಇರಲಿ. ಜೀವನ ಪ್ರಮಾಣಪತ್ರವನ್ನು ಪ್ರತಿ ವರ್ಷ ಸಮಯಕ್ಕೆ ಸರಿಯಾಗಿ ಸಲ್ಲಿಸಿ. ಅದು ತಪ್ಪಿದರೆ ಇಷ್ಟು ಕಷ್ಟಪಟ್ಟು ಪಡೆದ ಪಿಂಚಣಿ ಇದ್ದಕ್ಕಿದ್ದಂತೆ ನಿಲ್ಲುತ್ತದೆ.